ಒಣಗಿದ ಲಾನ್, ಪಕ್ಕದ ಮನೆಯ ಕೇಪಳ

ಮನೆಗಳ ಮುಂದೆ ತೋಟ ಮಾಡಿಕೊಡುವುದು ನನ್ನ ಕೆಲಸ. 2024ರ ಜನವರಿಯಲ್ಲಿ ಬೆಂಗಳೂರಿನ ವಿದ್ಯಾರಣ್ಯಪುರದ ಒಂದು ಮನೆಗೆ ಲಾನ್ ಹಾಕಿದ್ದೆ. ಸುಮಾರು 500 ಚದರಡಿ. ಮನೆಯವರು ಕೇಳಿದ್ದು ಅದನ್ನೇ. ನಾನೂ ಬೇಡ ಅನ್ನಲಿಲ್ಲ.

ಮಾರ್ಚ್‌ನಲ್ಲಿ ಅವರ ಬೋರ್‌ವೆಲ್ ಬತ್ತಿತು. ಅದೇ ತಿಂಗಳು ಜಲಮಂಡಳಿಯ ಆದೇಶ ಬಂತು: ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ. ಟ್ಯಾಂಕರ್ ನೀರು ಮನೆ ಬಳಕೆಗೇ ಸಾಲುತ್ತಿರಲಿಲ್ಲ. ಮೂರು ವಾರದಲ್ಲಿ ಹುಲ್ಲು ಒಣಗಿ ಪುಡಿಯಾಯಿತು. ಅವರು ಬೈಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಕಾಂಪೌಂಡ್ ಒಳಗೆ ಕೇಪಳ, ನಂದಿಬಟ್ಟಲು, ಕರಿಬೇವು, ಒಂದು ಪಾರಿಜಾತ. ಎಲೆ ಉದುರಿದರೆ ಗುಡಿಸಿ ಬುಡಕ್ಕೇ ಹಾಕುತ್ತಾರೆ. ಅಕ್ಕಿ, ತರಕಾರಿ ತೊಳೆದ ನೀರು ಬಿಟ್ಟರೆ ಬೇರೆ ನೀರಿಲ್ಲ. ಆ ಬಿಸಿಲಲ್ಲೂ ಕೇಪಳ ಕೆಂಪಗೆ ಹೂ ಬಿಟ್ಟಿತ್ತು. ನಾನು ಅಲ್ಲೇ ತುಂಬಾ ಹೊತ್ತು ನಿಂತುಬಿಟ್ಟೆ.

ಈಗ ಯಾರೇ ಕರೆದರೂ ಮೊದಲು ಕೇಳುವುದು ಏಪ್ರಿಲ್‌ನಲ್ಲಿ ನೀರು ಎಲ್ಲಿಂದ ಅಂತ. ನಂತರ ಮರದ ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಮ್ಮ ಸ್ವಂತ ಸೈಟಿನ ಮರಕ್ಕೂ ಅನ್ವಯಿಸುತ್ತದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದದ್ದನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನಮ್ಮ ಮನೆ, ನಮ್ಮ ಮರ ಅಂದರೆ ಆಗಲ್ಲ. ನಾಲ್ಕು ಅಡಿ ಜಾಗದಲ್ಲಿ, ಸಂಪಿನ ಪಕ್ಕ ಆಲದಂಥ, ಗೋಣಿಯಂಥ ದೊಡ್ಡ ಮರ ನೆಟ್ಟರೆ ಇಪ್ಪತ್ತು ವರ್ಷದ ನಂತರ ಮನೆಗೂ ಕಷ್ಟ, ಮರಕ್ಕೂ ಕಷ್ಟ. ನಮ್ಮ ನಾಡಿನ ಮರ ಅನ್ನುವುದೊಂದೇ ಸಾಲದು, ಜಾಗವೂ ಹೊಂದಬೇಕು. ಅಂಥ ಕಡೆ ಪಾರಿಜಾತ ಸಾಕು. ಜಾಗ ಇದ್ದರೆ ರಂಜ, ಹೊಳೆದಾಸವಾಳ.

ಗುಲ್‌ಮೊಹರ್ ನಮ್ಮದೇ ಅಂದುಕೊಂಡವರು ಬಹಳ. ಅದು ಮಡಗಾಸ್ಕರ್‌ನದು. ಇರುವ ಮರವನ್ನು ತೆಗೆಸಿ ಅಂತ ನಾನು ಯಾರಿಗೂ ಹೇಳಲ್ಲ. ಆದರೆ ಲಂಟಾನವನ್ನು, ಅದೂ ಹೊರದೇಶದಿಂದ ಬಂದ ಪೊದೆಗಿಡ, ಹೊಸದಾಗಿ ನೆಡಲು ಖಂಡಿತ ಒಪ್ಪಲ್ಲ. ಬಂಡೀಪುರದ ಕಾಡನ್ನು ಅದು ಹೇಗೆ ಆವರಿಸಿದೆ ಅಂತ ಕಣ್ಣಾರೆ ನೋಡಿದ್ದೇನೆ.

ಒಂದು ಮಾತು. ನಮ್ಮ ಗಿಡ ಅಂದರೆ ನೀರೇ ಬೇಡ ಅಂತಲ್ಲ. ಮಳೆಗಾಲದ ಶುರುವಿನಲ್ಲಿ ನೆಟ್ಟು, ಮೊದಲ ಎರಡು ಬೇಸಿಗೆ ಕೈಯಾರೆ ನೋಡಿಕೊಳ್ಳಲೇಬೇಕು.

ಆ ಜೂನ್‌ನಲ್ಲಿ ಲಾನ್ ಇದ್ದ ಜಾಗವನ್ನು ಕೂಲಿ ತೆಗೆದುಕೊಳ್ಳದೆ ಅಗೆದು ಕೇಪಳ, ಕನಕಾಂಬರ, ಕರಿಬೇವು ನೆಟ್ಟೆ. ಕೆಲವು ತಿಂಗಳ ನಂತರ ಆ ಮನೆಯವರ ಫೋನ್. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಹುಳು ಇದೆ, ಔಷಧಿ ಹೊಡೀಬೇಕಾ ಅಂತ. ಬೇಡ, ಅದು ಚಿಟ್ಟೆಯ ಮರಿ, ಸ್ವಲ್ಪ ಎಲೆ ತಿನ್ನಲಿ ಬಿಡಿ ಅಂದೆ. ಎರಡು ವಾರ ಬಿಟ್ಟು ಅವರೇ ಫೋಟೋ ಕಳಿಸಿದರು. ಒಡೆದ ಕೋಶದ ಪಕ್ಕ ಕಪ್ಪು ರೆಕ್ಕೆ, ಹಳದಿ ಚುಕ್ಕೆ.