ಮೀನಿನ ಸಂಪು, ಅಮ್ಮನ ಮೆಣಸಿನ ಚೀಲ

ಮೀನಿನ ತೊಟ್ಟಿಯ ಕೆಳಗೆ ಸಂಪ್ ಇಡ್ತೀನಿ ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು. "ಅಂಗಳದಲ್ಲಿ ಒಂದು ಸಂಪ್ ಇದೆಯಲ್ಲೋ, ಮೀನಿಗೂ ಬೇರೆ ಬೇಕಾ?"

ಯೋಚಿಸಿದರೆ ಎರಡರ ಕೆಲಸವೂ ಹೆಚ್ಚುಕಮ್ಮಿ ಒಂದೇ. ಕೆಳಗೊಂದು ತೊಟ್ಟಿ, ಮೇಲೊಂದು ಟ್ಯಾಂಕ್, ಮಧ್ಯೆ ಮೋಟಾರ್. ಇಲ್ಲಿ ಮೇಲಿನ ನೀರು ತುಂಬಿ ಪೈಪಿನಲ್ಲಿ ತಾನಾಗಿ ಇಳಿಯುತ್ತದೆ. ಸ್ಪಂಜು ದಾಟಿ ಕೊನೆಯ ಖಾನೆಗೆ ಬರುತ್ತದೆ. ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಹಗಲೂ ರಾತ್ರಿ ಇದೇ ಸುತ್ತು.

ಈ ಸುತ್ತು ನಿಂತರೆ ಏನು ಗತಿ ಅಂತ ನಾನು ಯೋಚಿಸಿರಲಿಲ್ಲ. ಅದೂ ಚಿಕ್ಕಮಗಳೂರಿನಲ್ಲಿ, ಜುಲೈ ತಿಂಗಳಲ್ಲಿ! ಗಿರಿ ಕಡೆಯಿಂದ ಗಾಳಿ ಎದ್ದರೆ ಎಲ್ಲೋ ಒಂದು ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಅವತ್ತು ರಾತ್ರಿ ಎರಡು ಗಂಟೆಗೆ ಹೋಯಿತು. ನೀರು ಕುಡಿಯಲು ಎದ್ದವನ ಕಾಲು ಹಾಲ್‌ನಲ್ಲಿ ಪಚಕ್ ಅಂತು. ಟಾರ್ಚ್ ಹಾಕಿದರೆ ರೆಡ್ ಆಕ್ಸೈಡ್ ನೆಲ ತುಂಬಾ ನೀರು. ಅದು ಸೀದಾ ಹೋಗಿ ನಿಂತಿದ್ದು ಗೋಡೆಗೆ ಒರಗಿಸಿದ್ದ ಕಾಳುಮೆಣಸಿನ ಚೀಲದ ಬುಡದಲ್ಲಿ. ರೇಟ್ ಏರಲಿ ಅಂತ ಅಮ್ಮ ಮಾರದೆ ಇಟ್ಟುಕೊಂಡಿದ್ದ ಮೆಣಸು.

ಬೆಳಿಗ್ಗೆ ಟೇಪ್ ಹಿಡಿದು ಲೆಕ್ಕ ಹಾಕಿದೆ. ಮೇಲಿನ ತೊಟ್ಟಿ 120 ಸೆಂ.ಮೀ. ಉದ್ದ, 45 ಅಗಲ. ಅಂದರೆ ಒಂದು ಸೆಂ.ಮೀ. ನೀರು ಇಳಿದರೆ 5.4 ಲೀಟರ್. ಪಂಪಿನ ಪೈಪಿನ ಬಾಯಿಯನ್ನು, ಸದ್ದು ಬರಬಾರದು ಅಂತ, ನೀರಿನೊಳಗೆ 8 ಸೆಂ.ಮೀ. ಕೆಳಗೆ ಇಟ್ಟಿದ್ದೆ. ಪಂಪು ನಿಂತ ಕೂಡಲೇ ಅದೇ ಪೈಪು ನೀರನ್ನು ಹಿಂದಕ್ಕೆ ಎಳೆಯಿತು. ಡ್ರಮ್ಮಿನಿಂದ ಡೀಸೆಲ್ ತೆಗೆಯಲು ಪೈಪು ಹಾಕಿ ಎಳೀತೀವಲ್ಲ, ಹಾಗೆ. ಬಾಯಿ ನೀರಿನಿಂದ ಹೊರಗೆ ಕಾಣುವವರೆಗೂ ಅದು ನಿಲ್ಲುವುದಿಲ್ಲ. ಒಟ್ಟು 43 ಲೀಟರ್ ಇಳಿದಿದೆ. ಸಂಪು 75 ಉದ್ದ, 40 ಅಗಲ, 40 ಎತ್ತರ. ನಾನು 30 ಸೆಂ.ಮೀ. ತುಂಬಿಸಿಟ್ಟಿದ್ದೆ. ಉಳಿದ ಜಾಗ 30 ಲೀಟರ್ ಮಾತ್ರ. ಮಿಕ್ಕ 13 ಲೀಟರ್ ಹಾಲ್‌ಗೆ. ಒಂದು ಬಕೆಟ್ ತಾನೇ ಅನ್ನಬೇಡಿ, ನುಣುಪು ನೆಲದ ಮೇಲೆ ಸುರಿದು ನೋಡಿ.

ಅಂಗಡಿಯವರು ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್, ಹಾಕಿ ಅಂದರು. ತೋಟದ ಕೆರೆಗೆ ಪಂಪ್ ಇಟ್ಟವರಿಗೆ ಪೈಪಿನ ಬುಡದಲ್ಲಿ ಹಾಕುವ ಇಂಥದೇ ಫುಟ್‌ವಾಲ್ವ್ ಸಹವಾಸ ಗೊತ್ತು, ಒಂದು ಎಲೆ ಸಿಕ್ಕಿಕೊಂಡರೆ ಮುಗೀತು. ಹಾಗಾಗಿ ಬೇಡ ಅಂದೆ. ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆದೆ, ಅಲ್ಲಿಂದ ಗಾಳಿ ಹೋದರೆ ಎಳೆತ ತಪ್ಪುತ್ತದೆ. ಚೆನ್ನಾಗಿಯೇ ಇತ್ತು. ಮೂರು ವಾರಕ್ಕೆ ಒಂದು ಬಸವನಹುಳು ಸರಿಯಾಗಿ ಆ ತೂತಿನ ಮೇಲೇ ಕೂತಿತ್ತು! ಪುಣ್ಯಕ್ಕೆ ಕರೆಂಟ್ ಇತ್ತು. ಅವತ್ತೇ ಪೈಪಿನ ಬಾಯಿಯನ್ನೇ ಮೇಲಕ್ಕೆತ್ತಿದೆ, ನೀರಿನೊಳಗೆ ಒಂದೂವರೆ ಸೆಂ.ಮೀ. ಮಾತ್ರ. ಈಗ ವಾಪಸ್ ಬರುವುದು ಎಂಟು ಲೀಟರ್ ಚಿಲ್ಲರೆ. ಸಂಪಿನಲ್ಲಿ 22 ಸೆಂ.ಮೀ.ಗೆ ಮಾರ್ಕರ್ ಗೆರೆ ಎಳೆದಿದ್ದೇನೆ. ನೀರು ಆರಿದಷ್ಟು ಸೇರಿಸುತ್ತೇನೆ, ಗೆರೆ ದಾಟಿಸುವುದಿಲ್ಲ.

ಇನ್ನೊಂದು ಅಪಾಯ ಮೇಲಿನ ತೊಟ್ಟಿಯದು. ಇಳಿಯುವ ಪೈಪಿಗೆ ಎಲೆಯೋ ಪಾಚಿಯೋ ಕಟ್ಟಿಕೊಂಡರೆ ಪಂಪಿಗೆ ಅದು ಗೊತ್ತಾಗಲ್ಲ, ತನ್ನ ಖಾನೆ ಖಾಲಿಯಾಗುವವರೆಗೂ ಅದು ತಳ್ಳುತ್ತಲೇ ಇರುತ್ತದೆ. ಅದಕ್ಕೇ ಪಂಪಿನ ಖಾನೆ ಚಿಕ್ಕದಾಗಿರಬೇಕು. ನನ್ನದರಲ್ಲಿ ಹದಿನೇಳು ಹದಿನೆಂಟು ಲೀಟರ್ ಇದೆ, ಮೇಲೆ ನಾಲ್ಕು ಸೆಂ.ಮೀ. ಖಾಲಿ ಬಿಟ್ಟರೆ ಅಷ್ಟೂ ಹಿಡಿಸುತ್ತದೆ. ಜೊತೆಗೆ ವಾಲ್ವ್ ಇಲ್ಲದ ಎರಡನೇ ಪೈಪು ಸ್ವಲ್ಪ ಎತ್ತರದಲ್ಲಿದೆ. ಅದು ಒಣಗಿಯೇ ಇರಬೇಕು. ಅದರಲ್ಲಿ ಗುಳುಗುಳು ಕೇಳಿದರೆ ಮೊದಲನೆಯದು ಕಟ್ಟಿದೆ ಅಂತ ಅರ್ಥ. ಇದಕ್ಕೆ ಗಾಜು ಕೊರೆಸುವ ಮುಂಚೆ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಟಫನ್ಡ್ ಆದರೆ ಪುಡಿಪುಡಿ.

ಯುಪಿಎಸ್‌ಗೆ ಪಂಪು ಹಾಕಿದ್ರೆ ಆಯ್ತಲ್ವಾ ಅಂತ ಗೆಳೆಯ ಕೇಳಿದ. ಎರಡು ದಿನ ಕರೆಂಟ್ ಇಲ್ಲದಿದ್ದರೆ ಬ್ಯಾಟರಿಯೂ ಕೂತುಬಿಡುತ್ತದೆ ಮಾರಾಯ.

ಕೊನೆಗೆ ಒಂದು ಭಾನುವಾರ, ಹಳೇ ಟವೆಲ್‌ಗಳನ್ನೆಲ್ಲ ಹಾಸಿ, ಹತ್ತು ಸಲ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಒಂದು ಸಲ ಬಟ್ಟೆ ತುರುಕಿ ಪೈಪು ಕಟ್ಟಿದೆ. ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಮೀನು ಬಿಡುವ ಮೊದಲೇ ಮಾಡಬೇಕಿದ್ದ ಕೆಲಸ ಇದು. ಪ್ಲಗ್ ಬೋರ್ಡನ್ನು ಗೋಡೆಯಲ್ಲಿ ಮೇಲಕ್ಕೆ ಏರಿಸಿದೆ. ವೈರು ಮೊದಲು ಕೆಳಗೆ ಜೋತು ಬಿದ್ದು ಆಮೇಲೆ ಪ್ಲಗ್ಗಿಗೆ ಏರುತ್ತದೆ, ನೀರು ಹರಿದು ಬಂದರೂ ಅಲ್ಲೇ ತೊಟ್ಟಿಕ್ಕಲಿ ಅಂತ.

ಅಮ್ಮ ಇದನ್ನೆಲ್ಲ ಕುರ್ಚಿಯಲ್ಲಿ ಕೂತು ನೋಡಿದರು. ಮೆಣಸಿನ ಚೀಲವನ್ನು ಮಾತ್ರ ಇನ್ನೂ ಬೆಂಚಿನಿಂದ ಇಳಿಸಿಲ್ಲ.