ಯಾವ ಸೆಮಿಸ್ಟರ್ ಪುಸ್ತಕ ಬೇಕಮ್ಮಾ?

ಅಕ್ಕನ ಮಗಳು ಎಂ.ಸಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಜಸ್‌ಪೇಯಂಥ ಬೆಂಗಳೂರಿನ ಕಂಪನಿಗಳು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುತ್ತವೆ ಎಂದು ತಿಳಿದದ್ದೇ ತಡ, ಅದನ್ನು ಕಲಿತೇ ತೀರುತ್ತೇನೆ ಎಂದು ಹಟ ಹಿಡಿದಳು. ಅದೂ ಕಾಗದದ ಪುಸ್ತಕದಿಂದಲೇ. "ಚಿಕ್ಕಮ್ಮ, ಪರದೆ ನೋಡಿ ನೋಡಿ ಕಣ್ಣು ಉರಿಯುತ್ತದೆ" ಎಂಬುದು ಅವಳ ದೂರು. ಹಾಗಾಗಿ ಒಂದು ಶನಿವಾರ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿಳಿದು ಇಬ್ಬರೂ ಅವೆನ್ಯೂ ರಸ್ತೆಯತ್ತ ನಡೆದೆವು.

ಅಲ್ಲಿನ ಹಳೆ ಪುಸ್ತಕದಂಗಡಿಗಳಲ್ಲಿ ನಡೆಯುವುದು ವಿಷಯದ ಲೆಕ್ಕವಲ್ಲ, ಸೆಮಿಸ್ಟರ್ ಲೆಕ್ಕ. "ಯಾವ ಸೆಮಿಸ್ಟರ್ ಪುಸ್ತಕ ಬೇಕಮ್ಮಾ, ಯಾವ ಸ್ಕೀಮ್?" ಎಂದು ಅಂಗಡಿಯವರು ಕೇಳಿದರು; ಸ್ಕೀಮ್ ಎಂದರೆ ಯಾವ ವರ್ಷದ ಪಠ್ಯಕ್ರಮ ಎಂದು. ಸೆಮಿಸ್ಟರಿನದಲ್ಲ, ಹ್ಯಾಸ್ಕೆಲ್ ಎಂದೆ. ಅವರು ಒಳಗಿದ್ದ ಹುಡುಗನನ್ನು ಕೂಗಿದರು. ಅವನು ಅಟ್ಟದಿಂದ ಪಾಸ್ಕಲ್ ಎಂಬ ಬೇರೆಯೇ ಭಾಷೆಯ ಪುಸ್ತಕವೊಂದನ್ನು ಇಳಿಸಿ, ಧೂಳು ಕೊಡವಿ, ಬಹಳ ವಿಶ್ವಾಸದಿಂದ ಕೈಗಿತ್ತ. ಅವನನ್ನು ದೂರುವಂತಿಲ್ಲ. ಆ ರಸ್ತೆಯಲ್ಲಿ ಸಿ, ಜಾವಾ, ಪೈಥಾನ್ ಬಿಟ್ಟು ಬೇರೇನನ್ನಾದರೂ ಕೇಳುವವರು ವರ್ಷಕ್ಕೆಷ್ಟು ಮಂದಿ ಬಂದಾರು?

ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಚರ್ಚ್ ಸ್ಟ್ರೀಟ್‌ಗೆ ಹೋದೆವು. ಅಲ್ಲಿ ಹಳೆ ಪುಸ್ತಕಗಳ ನಡುವೆ 'ರಿಯಲ್ ವರ್ಲ್ಡ್ ಹ್ಯಾಸ್ಕೆಲ್' ಸಿಕ್ಕಿತು. ಮುಖಪುಟದಲ್ಲಿ ಕೊಂಬಿನ ದುಂಬಿ, ಒಳಗೆ ಯಾರೋ ಪೆನ್ಸಿಲಿನಲ್ಲಿ ಗೀಟು ಹಾಕಿದ ಸಾಲುಗಳು. ಗೀಟುಗಳು ಮೂರನೆಯ ಅಧ್ಯಾಯಕ್ಕೇ ನಿಂತಿದ್ದವು. ಪುಸ್ತಕ 2008ರದು, ಜಾಲದಲ್ಲಿ ಪುಕ್ಕಟೆಯಾಗಿ ಓದಲೂ ಸಿಗುತ್ತದೆ ಎಂದು ಎಚ್ಚರಿಸಿದೆ. ಅವಳು ಆಗಲೇ ಹಣ ಕೊಟ್ಟಾಗಿತ್ತು.

ಸಂಜೆ ಮನೆಯಲ್ಲಿ ಅದರ ಮೊನಾಡ್ (ಲೆಕ್ಕದ ಹಂತಗಳನ್ನು ಒಂದರ ಹಿಂದೊಂದು ಜೋಡಿಸುವ ಹ್ಯಾಸ್ಕೆಲ್‌ನ ಕ್ರಮ) ಅಧ್ಯಾಯದ ಕೋಡನ್ನು ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿದಳು. ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಕಂಪೈಲರ್ ಒಪ್ಪಲಿಲ್ಲ, ಅಪ್ಲಿಕೇಟಿವ್‌ನ ಇನ್‌ಸ್ಟನ್ಸ್ (ಆ ಹೆಸರಿನ ಅಗತ್ಯ ವ್ಯಾಖ್ಯಾನ) ಇಲ್ಲವೆಂದು ತಕರಾರು ತೆಗೆಯಿತು. ತಪ್ಪು ಅವಳದಲ್ಲ. 2015ರಲ್ಲಿ ಬಂದ, ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರ್ ಆದ ಜಿಎಚ್‌ಸಿ 7.10ರಿಂದೀಚೆಗೆ ಮೊನಾಡ್ ಆಗಬೇಕಾದ ಯಾವುದೇ ಟೈಪ್ (ದತ್ತಾಂಶದ ಬಗೆ) ಮೊದಲು ಅದಕ್ಕಿಂತ ಸರಳವಾದ ಫಂಕ್ಟರ್, ಅಪ್ಲಿಕೇಟಿವ್ ಎರಡೂ ಆಗಿರಬೇಕು. ಪುಸ್ತಕ ಬರೆದಾಗ ಆ ನಿಯಮ ಇರಲಿಲ್ಲ. ನಾಲ್ಕಾರು ಸಾಲು ಸೇರಿಸಿದರೆ ಕೋಡ್ ಓಡುತ್ತದೆ, ಆದರೆ ಯಾವ ನಾಲ್ಕಾರು ಸಾಲು ಎಂಬುದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಫೈಲು, ಲೈಬ್ರರಿ, ಡೇಟಾಬೇಸ್ ಎಂದು ದಿನದ ಕೆಲಸ ಕಲಿಸುವ ಪುಸ್ತಕಗಳು ಬೇಗ ಹಳತಾಗುತ್ತವೆ.

ನನ್ನ ಕಪಾಟಿನಿಂದ ಇನ್ನೂ ಹಳೆಯದೊಂದನ್ನು ತೆಗೆದುಕೊಟ್ಟೆ. ಮುಖಪುಟದಲ್ಲಿ ಮಾಂತ್ರಿಕನ ಚಿತ್ರವಿರುವ, ಎಂಐಟಿಯ 'ಸ್ಟ್ರಕ್ಚರ್ ಅಂಡ್ ಇಂಟರ್‌ಪ್ರಿಟೇಶನ್ ಆಫ್ ಕಂಪ್ಯೂಟರ್ ಪ್ರೋಗ್ರಾಮ್ಸ್'. ಮೊದಲ ಮುದ್ರಣ 1985ರದು, ಈಗ ಬಳಕೆಯಲ್ಲಿರುವ ಎರಡನೆಯ ಆವೃತ್ತಿ 1996ರದು. ಅದರ ಭಾಷೆ ಹ್ಯಾಸ್ಕೆಲ್ ಅಲ್ಲ, ಸ್ಕೀಮ್ ಎಂಬ ಇನ್ನೊಂದು. ಅವಳ ಮುಖ ಸಪ್ಪಗಾಯಿತು. ವರ್ಗಮೂಲ ಕಂಡುಹಿಡಿಯುವ ಮೊದಲ ಅಧ್ಯಾಯದ ಪ್ರೋಗ್ರಾಮನ್ನು ಮಾತ್ರ ಓಡಿಸಿ ನೋಡು ಎಂದೆ. ರ್‍ಯಾಕೆಟ್‌ನಲ್ಲಿ (ಸ್ಕೀಮ್‌ನಿಂದ ಹುಟ್ಟಿದ ಭಾಷೆ) ಒಂದಕ್ಷರ ಬದಲಿಸದೆ ಓಡಿತು. 0.0001ರ ವರ್ಗಮೂಲ ಕೇಳಿದಳು. ಬರಬೇಕಾದದ್ದು 0.01, ಬಂದದ್ದು 0.0323.

"ಪುಸ್ತಕದಲ್ಲೇ ತಪ್ಪಿದೆಯಲ್ಲ!" ಎಂದು ಖುಷಿಪಟ್ಟಳು. ಮುಂದಿನ ಅಭ್ಯಾಸಗಳಲ್ಲಿ ಲೇಖಕರೇ ಅದನ್ನು ಕೇಳಿದ್ದಾರೆ ಎಂದಾಗ ಖುಷಿ ಇಳಿಯಿತು. ಆಮೇಲೆ ಕಾಗದ, ಪೆನ್ನು ಹಿಡಿದು ಕುಳಿತಳು. ಪ್ರೋಗ್ರಾಂ ಒಂದು ಉತ್ತರವನ್ನು ಊಹಿಸಿ ಅದನ್ನು ತಿದ್ದುತ್ತ ಹೋಗುತ್ತದೆ; ಊಹೆಯ ವರ್ಗಕ್ಕೂ ಕೊಟ್ಟ ಸಂಖ್ಯೆಗೂ ಇರುವ ಅಂತರ 0.001ಕ್ಕಿಂತ ಕಡಿಮೆಯಾದೊಡನೆ ಪ್ರೋಗ್ರಾಂ ನಿಲ್ಲುತ್ತದೆ. ಕೊಟ್ಟ ಸಂಖ್ಯೆಯೇ ಅದಕ್ಕಿಂತ ಚಿಕ್ಕದಾಗಿದ್ದರೆ? ಅದನ್ನು ತಾನೇ ಕಂಡುಕೊಳ್ಳುವಷ್ಟರಲ್ಲಿ ಕಾಫಿ ತಣ್ಣಗಾಗಿ, ಮೇಲೆ ಕೆನೆ ಕಟ್ಟಿತ್ತು.

ನಾನು ಪುಸ್ತಕ ಅಳೆಯುವುದು ಹೀಗೆಯೇ: ಓದುಗರ ಕೈಯಿಂದ ಕೆಲಸ ಮಾಡಿಸುತ್ತದೆಯೇ ಎಂದು. 'ಲರ್ನ್ ಯು ಎ ಹ್ಯಾಸ್ಕೆಲ್ ಫಾರ್ ಗ್ರೇಟ್ ಗುಡ್' ಎಲ್ಲರೂ ಮೊದಲು ಸೂಚಿಸುವ ಪುಸ್ತಕ; ಜಾಲದಲ್ಲಿ ಉಚಿತ, ತಮಾಷೆಯ ಚಿತ್ರಗಳಿವೆ, ಓದಲು ಬಲು ಸೊಗಸು. ಆದರೆ ಒಂದೇ ಒಂದು ಅಭ್ಯಾಸವಿಲ್ಲ. ಓದುವಾಗ ಎಲ್ಲವೂ ತಿಳಿದಂತಿರುತ್ತದೆ, ಖಾಲಿ ಫೈಲು ತೆರೆದರೆ ಕೈ ಓಡುವುದಿಲ್ಲ. ಗ್ರಹಾಂ ಹಟನ್ ಅವರ 'ಪ್ರೋಗ್ರಾಮಿಂಗ್ ಇನ್ ಹ್ಯಾಸ್ಕೆಲ್' ಶೈಲಿಯಲ್ಲಿ ಒಣ, ಗಾತ್ರದಲ್ಲಿ ಚಿಕ್ಕದು. 2016ರ ಎರಡನೆಯ ಆವೃತ್ತಿಯಲ್ಲಿ ಹೊಸ ನಿಯಮಕ್ಕೆ ತಕ್ಕ ಕೋಡಿದೆ, ಅಧ್ಯಾಯಗಳ ಕೊನೆಗೆ ಅಭ್ಯಾಸಗಳಿವೆ, ಕೆಲವಕ್ಕೆ ಹಿಂದೆ ಉತ್ತರವೂ ಇದೆ. ಒಂದನ್ನೇ ಕೊಳ್ಳುವುದಾದರೆ ಅದನ್ನೇ ಕೊಳ್ಳಿ ಎನ್ನುತ್ತೇನೆ. ಪಾಠ ಕೇಳಿ ಕಲಿಯುವವರಿಗೆ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಮತ್ತು ಎಸ್.ಪಿ. ಸುರೇಶ್ ಅವರ ಎನ್‌ಪಿಟಿಇಎಲ್ (ಐಐಟಿಗಳ ಉಚಿತ ಆನ್‌ಲೈನ್ ಪಾಠಗಳ ಯೋಜನೆ) ಉಪನ್ಯಾಸಗಳಿವೆ. ನಮ್ಮ ಕಾಲೇಜುಗಳ ಮಕ್ಕಳಿಗೆ ಆ ನಿಧಾನ ಹಿಡಿಸುತ್ತದೆ.

ರಾತ್ರಿ ಊಟದ ಹೊತ್ತಿಗೆ ಹಟನ್ ಪುಸ್ತಕಕ್ಕೆ ಆರ್ಡರ್ ಹೋಗಿತ್ತು, ನನ್ನ ಕಾರ್ಡಿನಿಂದ. ದುಂಬಿಯ ಪುಸ್ತಕವನ್ನು ಮಾರುವುದಿಲ್ಲವಂತೆ. ಆ ಕೋಡನ್ನೆಲ್ಲ ಈಗಿನ ಕಂಪೈಲರ್‌ಗೆ ಒಗ್ಗಿಸುವುದೇ ಅವಳ ಮುಂದಿನ ಅಭ್ಯಾಸವಂತೆ.