ಪಟ್ಟಿಯಲ್ಲಿ ಹೆಸರಿಲ್ಲದ ಫುಸಾಎ ಇಚಿಕಾವಾ

ಟೋಕಿಯೊದಲ್ಲಿ ಶಿಬುಯಾ, ಅಸಾಕುಸಾ ಎಲ್ಲಾ ಆಯಿತು. ಬರೀ ಜನ, ಜನ. ನನಗೆ ಅಷ್ಟೇನೂ ಹಿಡಿಸಲಿಲ್ಲ. ಸಂಸತ್ ಭವನ ಮಾತ್ರ ಇಷ್ಟವಾಯಿತು. ಅಲ್ಲಿನ ದೊಡ್ಡ ಹಾಲ್‌ನಲ್ಲಿ ನಾಲ್ಕು ಪೀಠಗಳಿವೆ. ಮೂರರ ಮೇಲೆ ಗಂಡಸರ ಕಂಚಿನ ಪ್ರತಿಮೆ, ಒಂದು ಖಾಲಿ. ‘ಇಲ್ಲಿ ಯಾರನ್ನು ನಿಲ್ಲಿಸ್ತೀಯಾ?’ ಅಂತ ಅಲ್ಲೇ ನೆಲೆಸಿರುವ ಮೈಸೂರಿನ ಗೆಳತಿಯನ್ನು ಕೇಳಿದೆ. ‘ಫುಸಾಎ ಇಚಿಕಾವಾ, ಇನ್ಯಾರು?’ ಅಂದಳು.

ಜಪಾನಿನ ಹೆಂಗಸರ ವೋಟಿನ ಹಕ್ಕಿಗಾಗಿ ಹೋರಾಡಿದ ಇಚಿಕಾವಾ ಹೆಸರಿನ ಕೇಂದ್ರ ಟೋಕಿಯೊದ ಯೊಯೊಗಿಯಲ್ಲಿದೆ. ಶಿಂಜುಕು ರೈಲು ನಿಲ್ದಾಣದ ದಕ್ಷಿಣ ದ್ವಾರದಿಂದಲೇ ಹೊರಬನ್ನಿ. ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ, ಫೋನಿನ ಮ್ಯಾಪ್ ಅದರೊಳಗೆ ತಲೆಕೆಟ್ಟಂತೆ ಆಡುತ್ತದೆ. ಮಳೆಯಲ್ಲಿ ಸುತ್ತಿ ಸುತ್ತಿ ನನ್ನ ಶೂ ಪೂರ್ತಿ ಒದ್ದೆ.

1922ರವರೆಗೆ ಜಪಾನಿನ ಹೆಂಗಸರು ರಾಜಕೀಯ ಸಭೆಗೆ ಹೋಗಿ ಕೂರುವುದಕ್ಕೂ ಕಾನೂನು ಬಿಡುತ್ತಿರಲಿಲ್ಲ. ಆ ತಡೆ ತೆಗೆಸಿದವರಲ್ಲಿ ಇಚಿಕಾವಾ ಒಬ್ಬರು. ವೋಟಿನ ಹಕ್ಕು ಬಂದದ್ದು 1945ರ ಡಿಸೆಂಬರಿನಲ್ಲಿ. 1946ರ ಏಪ್ರಿಲ್ 10ರ ಚುನಾವಣೆಯಲ್ಲಿ 39 ಹೆಂಗಸರು ಗೆದ್ದರು. ಆದರೆ ಆ ದಿನ ಇಚಿಕಾವಾ ವೋಟು ಹಾಕಲಿಲ್ಲ. ಮತದಾರರ ಪಟ್ಟಿಯಲ್ಲಿ ಅವರ ಹೆಸರೇ ಬಿಟ್ಟುಹೋಗಿತ್ತು! ಬೆಂಗಳೂರಿನಲ್ಲಿ ಪ್ರತಿ ಚುನಾವಣೆಗೂ ಕೇಳುವ ಗೋಳು ಇದು. ಆದರೂ ಇವರಿಗೇ ಹೀಗಾಯಿತಲ್ಲ ಅಂತ ನಾನು ಅಲ್ಲೇ ನಿಂತುಬಿಟ್ಟೆ.

ಕೇಂದ್ರದಲ್ಲಿ ನನ್ನ ಪಕ್ಕದಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಮಾತಿಗೆ ಸಿಕ್ಕರು. ಗೆಳತಿ ದುಭಾಷಿಯಾದಳು. ‘ನನ್ನ ಮೊದಲ ವೋಟು ಅವರಿಗೇ, 1980ರಲ್ಲಿ,’ ಅಂದರು. ಆಗ ಇಚಿಕಾವಾಗೆ 87. ಯಾವ ಪಕ್ಷಕ್ಕೂ ಸೇರದೆ ನಿಂತು, ದುಡ್ಡು ಚೆಲ್ಲದೆ, 27 ಲಕ್ಷಕ್ಕೂ ಹೆಚ್ಚು ವೋಟು ಪಡೆದು ಮೇಲ್ಮನೆಯ ರಾಷ್ಟ್ರೀಯ ಕ್ಷೇತ್ರದಲ್ಲಿ (ಆಗ ಇಡೀ ದೇಶವೇ ಒಂದು ಕ್ಷೇತ್ರ) ಎಲ್ಲರಿಗಿಂತ ಮೇಲೆ ಬಂದಿದ್ದರು. 1971ರಲ್ಲಿ ಒಮ್ಮೆ ಸೋತಿದ್ದವರು. ಸಾಕು ಅಂದಿದ್ದವರನ್ನು 1974ರಲ್ಲಿ ಹುಡುಗರೇ ಒತ್ತಾಯಿಸಿ ಮತ್ತೆ ನಿಲ್ಲಿಸಿದ್ದು.

ಎರಡನೇ ಮಹಾಯುದ್ಧದ ಕಾಲದ ವಿಷಯ ಕೇಳಬೇಕೋ ಬೇಡವೋ ಅನ್ನಿಸಿತು. ಕೇಳಿಯೇಬಿಟ್ಟೆ. ಸರ್ಕಾರದ ಪರ ಮಾತಾಡುವ ಬರಹಗಾರರ ಸಂಘದಲ್ಲಿ ಇಚಿಕಾವಾ ಇದ್ದರು. ಅದಕ್ಕಾಗಿ 1947ರಿಂದ 1950ರವರೆಗೆ ಸಾರ್ವಜನಿಕ ಹುದ್ದೆಗಳಿಂದ ಅವರನ್ನು ಹೊರಗಿಟ್ಟಿದ್ದರು. ಮೇಲ್ಮನೆಗೆ ಮೊದಲು ಗೆದ್ದದ್ದು 1953ರಲ್ಲಿ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಗಂಡಸರ ಬಗ್ಗೆಯೂ ಇದನ್ನ ಕೇಳ್ತೀರಾ?’ ಅಂದರು. ನಾನು ಹೌದು ಅಂದೆ. ‘ಹಾಗಿದ್ರೆ ಸರಿ. ಕೇಳಬೇಕಾದ್ದೇ. ನಾವು ಅವರನ್ನ ಮೆಚ್ಚಿದ್ದು ಅವರು ತಪ್ಪೇ ಮಾಡಲಿಲ್ಲ ಅಂತಲ್ಲ. ಜಾಸ್ತಿ ಖರ್ಚು ಮಾಡಿ ವೋಟು ಕೇಳಲಿಲ್ಲ, ಅದಕ್ಕೆ.’ ಆಮೇಲೆ ನಮ್ಮ ಕಡೆ ಎಂಎಲ್‌ಎ ಆಗಲು ಎಷ್ಟು ಖರ್ಚಾಗುತ್ತೆ ಅಂತ ಕೇಳಿದರು. ಗೆಳತಿ ಅದಕ್ಕೆ ಉತ್ತರ ಹೇಳೋ ಕೆಲಸ ನನಗೇ ಬಿಟ್ಟಳು.